ಧಾತು-ಈಶ್ವರ ಬರದಲ್ಲಿ ಯಾರ ಮನೆಯ ಒಲೆ ಮೊದಲು ಆರಿತು?

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತುಂಬಾ ವಯಸ್ಸಾದವರನ್ನು ಮಾತಿಗೆ ಎಳೆದರೆ ಈಗಲೂ ಕೆಲವರ ಬಾಯಲ್ಲಿ 'ಧಾತು ಈಶ್ವರದ ಬರ' ಎಂಬ ಮಾತು ಬರುತ್ತದೆ. ಅವರು ಕಣ್ಣಾರೆ ಕಂಡದ್ದಲ್ಲ, ಅವರ ಅಜ್ಜಿಯಂದಿರು ತಮ್ಮ ಅಜ್ಜಿಯಂದಿರಿಂದ ಕೇಳಿದ್ದು. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 1878. ಹಳೇ ಮೈಸೂರು, ಬಳ್ಳಾರಿ, ಧಾರವಾಡ, ಆಗಿನ ಕಲಾದಗಿ ಜಿಲ್ಲೆ, ಆಚೆ ರಾಯಲಸೀಮೆ, ತಮಿಳುನಾಡಿನ ಸೇಲಂ ತನಕ ಒಂದೇ ಬರ.

ಅದರ ಲೆಕ್ಕ ಮೊದಲು ಹೇಳಿಬಿಡುತ್ತೇವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಆರು ಜನರಲ್ಲಿ ಒಬ್ಬರು ಇಲ್ಲ. ಹತ್ತು ವರ್ಷದಲ್ಲಿ ಹುಟ್ಟಿ ಬೆಳೆಯಬೇಕಿದ್ದವರನ್ನೂ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಒಡೆಯರಿಗೆ ರಾಜ್ಯ ಮರಳಿ ಸಿಕ್ಕದ್ದು 1881ರ ಮಾರ್ಚಿನಲ್ಲಿ. ಸಿಕ್ಕಾಗ ಜೊತೆಗೆ ಬಂದದ್ದು ಖಾಲಿಯಾದ ಹಳ್ಳಿಗಳು, ಮೇಲೆ ಬರಗಾಲದ ಸಾಲ.

ಮಳೆ ಕೈಕೊಟ್ಟದ್ದು ಎಲ್ಲರಿಗೂ. ಗೌಡರ ಹೊಲಕ್ಕೂ ಬೀಳಲಿಲ್ಲ, ತೋಟಿಯ ತುಂಡು ಭೂಮಿಗೂ ಬೀಳಲಿಲ್ಲ. ಹಾಗಿದ್ದರೂ ಸಾವು ಎಲ್ಲರ ಮನೆಗೂ ಒಂದೇ ಸಮ ಬರಲಿಲ್ಲ. ಒಂದೇ ಊರಿನಲ್ಲಿ ಒಂದು ಮನೆ ಉಳಿಯಿತು, ಪಕ್ಕದ ಕೇರಿ ಬಯಲಾಯಿತು. ಯಾಕೆ ಅಂತ ಹುಡುಕುತ್ತಾ ಹೋದರೆ ಎರಡು ಪ್ರಶ್ನೆ ಎದುರಾಗುತ್ತವೆ. ಆ ಮನೆ ಊರಿನ ಯಾವ ಮೂಲೆಯಲ್ಲಿತ್ತು? ಆ ಮನೆಯಲ್ಲಿ ಯಾರ್‍ಯಾರು ಇದ್ದರು?

ಕಣದಲ್ಲಿ ಸಿಗುತ್ತಿದ್ದ ಪಾಲು

ಮೊದಲ ಪ್ರಶ್ನೆಗೆ ಉತ್ತರ ಕಣದಲ್ಲಿದೆ. ಹಿಂದೆ ನಮ್ಮ ಊರುಗಳಲ್ಲಿ ರಾಶಿ ಮಾಡಿದ ದಿನ ರೈತ ಇಡೀ ರಾಶಿಯನ್ನು ಮನೆಗೆ ಒಯ್ಯುತ್ತಿರಲಿಲ್ಲ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಹೀಗೆ ಆಯಗಾರರೆಲ್ಲ ಕಣಕ್ಕೆ ಬಂದು ತಮ್ಮ ಆಯ ತಗೊಂಡು ಹೋಗುತ್ತಿದ್ದರು. ವರ್ಷವಿಡೀ ಮಾಡಿದ ಕೆಲಸಕ್ಕೆ ಅದೇ ಸಂಬಳ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಟಿಪ್ಪು ಸತ್ತ ಮರುವರ್ಷ 1800ರಲ್ಲಿ ನಮ್ಮ ಸೀಮೆ ಸುತ್ತಿದಾಗ, ಒಂದು ರಾಶಿಯಲ್ಲಿ ದೇವರಿಗೆಷ್ಟು, ಪೂಜಾರಿಗೆಷ್ಟು, ಯಾವ ಆಯಗಾರನಿಗೆಷ್ಟು ಅಂತ ಕೂತು ಬರೆದುಕೊಂಡ. ಸರ್ಕಾರಕ್ಕೆ ಬೇಕಾಗಿ ಬರೆದದ್ದು, ಆದರೆ ಇವತ್ತು ನಮಗೆ ಹಳ್ಳಿಯ ಹೊಟ್ಟೆಯ ಲೆಕ್ಕ ಸಿಗುವುದು ಅಂಥ ಕಾಗದಗಳಲ್ಲೇ.

ಈ ಏರ್ಪಾಡನ್ನು ಕೆಲವರು ಹಳೆಯ ಕಾಲದ ಸಹಬಾಳ್ವೆ ಅಂತ ಹೊಗಳುವುದುಂಟು. ಬೆಳೆ ಬಂದ ವರ್ಷ ಅದು ಹಾಗೆ ಕಂಡೀತು. ಬೆಳೆ ಬರದ ವರ್ಷ ಏನಾಗುತ್ತದೆ ನೋಡಿ. ರಾಶಿಯೇ ಇಲ್ಲವೆಂದ ಮೇಲೆ ಆಯವೂ ಇಲ್ಲ. ರೈತನಿಗೆ ಹಳೆಯ ದಾಸ್ತಾನಾದರೂ ಇದ್ದೀತು, ಎತ್ತು ಮಾರಬಹುದು, ಪಹಣಿ ತೋರಿಸಿ ಸಾಲ ಎತ್ತಬಹುದು. ತೋಟಿಗೆ, ನೀರಗಂಟಿಗೆ, ಮಾದಿಗರ ಕೇರಿಯವನಿಗೆ ಆ ಕಣದ ಪಾಲು ಬಿಟ್ಟರೆ ಬೇರೆ ಆಧಾರ ಇರಲಿಲ್ಲ. ವರ್ಷಕ್ಕೆ ಇಷ್ಟು ರಾಗಿ, ಒಂದು ಜೊತೆ ಬಟ್ಟೆ ಅಂತ ಜೀತಕ್ಕಿದ್ದ ಆಳುಗಳ ಪಾಡು ಇನ್ನೂ ಕಷ್ಟ. ಬಿತ್ತನೆಯೇ ಇಲ್ಲದ ಮೇಲೆ ಯಜಮಾನನಿಗೆ ಆಳು ಯಾಕೆ? ಬೇರೆ ವರ್ಷ ಬಿಡು ಅಂದರೂ ಬಿಡದ ಜೀತವನ್ನು ಬರದ ವರ್ಷ ಯಜಮಾನರೇ ಬಿಡಿಸಿ ಕಳಿಸುತ್ತಿದ್ದರು.

ಇದೇ ಸರಪಳಿ ನೇಕಾರರನ್ನೂ ಹಿಡಿಯಿತು. ಅವರ ಮಗ್ಗಕ್ಕೆ ಮಳೆ ಬೇಕಿಲ್ಲ. ಆದರೆ ಊಟಕ್ಕೇ ಇಲ್ಲದವರು ಸೀರೆ ಕೊಳ್ಳುತ್ತಾರೆಯೇ? ಬಟ್ಟೆಯ ಬೆಲೆ ಬಿದ್ದುಹೋಯಿತು, ಕಾಳಿನ ಬೆಲೆ ಹಲವು ಪಟ್ಟು ಏರಿತು. ಮಣ್ಣು ಹೊರುವ ಕೆಲಸ ಅಭ್ಯಾಸವಿಲ್ಲದ ನೇಕಾರರಿಗೆ ಮದ್ರಾಸ್ ಸರ್ಕಾರ ನೂಲು ಕೊಟ್ಟು ನೇಯಿಸುವ ಬೇರೆಯೇ ವ್ಯವಸ್ಥೆ ಮಾಡಬೇಕಾಯಿತು.

ಬರಗಾಲದಲ್ಲಿ ಜನ ಸಾಯುವುದು ದೇಶದಲ್ಲಿ ಕಾಳಿಲ್ಲದ್ದಕ್ಕಿಂತ ಹೆಚ್ಚಾಗಿ ಕಾಳನ್ನು ಕೊಳ್ಳುವ, ಪಡೆಯುವ ದಾರಿ ಕೆಲವರಿಗೆ ಮುಚ್ಚಿಹೋಗುವುದರಿಂದ ಎಂದು ಅಮರ್ತ್ಯ ಸೇನ್ 1981ರಲ್ಲಿ ಒಂದು ಪುಸ್ತಕ ಬರೆದು ತೋರಿಸಿದರು. ಅವರು ಮುಖ್ಯವಾಗಿ ನೋಡಿದ್ದು 1943ರ ಬಂಗಾಳದ ಕ್ಷಾಮವನ್ನು. ಅಲ್ಲೂ ಮೊದಲು ಬಿದ್ದವರು ಕೂಲಿಯವರು, ಮೀನುಗಾರರು. ನಮ್ಮ ಕಣದ ಲೆಕ್ಕವನ್ನು ನೋಡಿದರೆ ಆ ಮಾತು ಅರ್ಥವಾಗಲು ಅರ್ಥಶಾಸ್ತ್ರ ಓದಿರಬೇಕಿಲ್ಲ.

ಹಗೇವು ಯಾರದ್ದು

ರಾಗಿಗೆ ಒಂದು ದೊಡ್ಡ ಗುಣ ಇದೆ, ಹುಳ ಹಿಡಿಯದೆ ವರ್ಷಾನುಗಟ್ಟಲೆ ಇರುತ್ತದೆ. ಅದಕ್ಕೇ ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದರು. ತೆಗೆಯುವಾಗ ಕೂಡಲೇ ಇಳಿಯುವ ಹಾಗಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸತ್ತೇ ಹೋಗುತ್ತಿದ್ದ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯುವುದು. ಒಂದು ಒಳ್ಳೆಯ ಬೆಳೆ ಬಂದರೆ ಎರಡು ಕೆಟ್ಟ ವರ್ಷ ಕಳೆಯಬಹುದು ಎಂಬ ಧೈರ್ಯ ಇದರಿಂದಲೇ.

ಆದರೆ ಹಗೇವು ಇರಬೇಕಾದರೆ ಮೊದಲು ಉಂಡು ಮಿಗುವಷ್ಟು ರಾಗಿ ಬೇಕು. ಕೇರಿಯಲ್ಲಿ ಹಗೇವು ಎಲ್ಲಿತ್ತು? ಊರಿನ ಹಗೇವು ಅಂದರೆ ಊರಿನ ಹತ್ತಾರು ದೊಡ್ಡ ಮನೆಗಳ ಹಗೇವು. 1875ರಲ್ಲೇ ಮಳೆ ಕಡಿಮೆ, 1876ರಲ್ಲಿ ಮುಂಗಾರು ಹಿಂಗಾರು ಎರಡೂ ಹೋದವು. ರಾಗಿ ಬೆಲೆ ಏರುತ್ತಿದ್ದಾಗ ಕೆಲವರು ಹಗೇವು ತೆರೆದು ಊರಿಗೆ ಹಂಚಿದ್ದೂ ಉಂಟು, ಕೆಲವರು ಇನ್ನೂ ಏರಲಿ ಅಂತ ಕಾದದ್ದೂ ಉಂಟು. ಹಂಚಿದವರ ಹೆಸರು ಊರಿನ ಬಾಯಲ್ಲಿ ಉಳಿಯುತ್ತದೆ. ಕಾದವರದ್ದು ಅವರ ಆಸ್ತಿಯಾಗಿ ಉಳಿದಿರುತ್ತದೆ.

ಒಂದೇ ಒಲೆಯ ಮಂದಿ

ಈಗ ಎರಡನೆಯ ಪ್ರಶ್ನೆ. ಕಷ್ಟಪಡುವ ಜಾತಿ, ಕಷ್ಟಪಡುವ ಕೇರಿ ಅಂತ ಒಟ್ಟಾಗಿ ಹೇಳಿ ನಿಲ್ಲಿಸಿದರೆ ಅರ್ಧ ಕತೆ ಮಾತ್ರ ಹೇಳಿದಂತೆ. ಒಂದೇ ಕೇರಿಯ ಎರಡು ಗುಡಿಸಲುಗಳ ನಡುವೆಯೂ ಅಂತರ ಇತ್ತು.

ಸರ್ಕಾರ ಪರಿಹಾರ ಅಂತ ಮುಖ್ಯವಾಗಿ ಕೊಟ್ಟದ್ದು ಕೆಲಸ. ಕೆರೆ ಹೂಳು, ರಸ್ತೆ, ಜಲ್ಲಿ ಒಡೆಯುವುದು. ಬೆಂಗಳೂರಿನಿಂದ ಮೈಸೂರಿಗೆ ನಾವು ಇವತ್ತು ರೈಲಿನಲ್ಲಿ ಹೋಗುತ್ತೇವಲ್ಲ, ಆ ದಾರಿಯ ಮಣ್ಣಿನ ಕೆಲಸ ಶುರುವಾದದ್ದು ಬರಗಾಲದ ಕೂಲಿಗಳ ಕೈಯಲ್ಲೇ. ಕೂಲಿ ಎಷ್ಟು? 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು ಲೆಕ್ಕ ಬಿಗಿ ಮಾಡಿದ. ಇದೇ ಟೆಂಪಲ್ ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ, ಜನರನ್ನು ಉಳಿಸಿ, ದುಡ್ಡು ಹಾಳು ಮಾಡಿದ ಅಂತ ಬೈಸಿಕೊಂಡಿದ್ದ. ಈ ಸಲ ಆ ತಪ್ಪು ಮಾಡಲಿಲ್ಲ! ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ, ಸುಮಾರು 450 ಗ್ರಾಂ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯ ಇಲಾಖೆಯ ಡಾ. ಕಾರ್ನಿಶ್ ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕುವುದಿಲ್ಲ ಅಂತ ಜಗಳ ತೆಗೆದು ಬರೆದ ಮೇಲೆ ಕೆಲವು ತಿಂಗಳಲ್ಲಿ ಅಲ್ಲಿ ಅದನ್ನು ಏರಿಸಿದರು.

ಕೂಲಿ ಸಾಕೇ ಸಾಲದೇ ಎಂಬ ಈ ಜಗಳ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾವು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಬೇರೆ ಕಡೆಗೆ. ಕೂಲಿಯನ್ನು ಕೊಡುವುದು ದುಡಿಯುವ ಕೈಗೆ, ತಿನ್ನುವುದು ಮನೆಯ ಎಲ್ಲ ಬಾಯಿಗಳು.

ನಾವೇ ಒಂದು ಉದಾಹರಣೆ ಕಟ್ಟಿ ನೋಡೋಣ. ಒಂದು ಗುಡಿಸಲಲ್ಲಿ ಐದು ಜನ: ಗಂಡ, ಹೆಂಡತಿ, ಮದುವೆಯಾಗದ ಇಬ್ಬರು ತಮ್ಮಂದಿರು, ಕೂತು ಉಣ್ಣುವ ಒಬ್ಬ ಮುದುಕಿ. ನಾಲ್ಕು ಕೂಲಿ, ಐದು ಬಾಯಿ. ಪಕ್ಕದ ಗುಡಿಸಲಲ್ಲೂ ಐದೇ ಜನ: ಗಂಡ ಸತ್ತ ಹೆಂಗಸು, ಅವಳ ಅತ್ತೆ, ಮೂರು ಸಣ್ಣ ಮಕ್ಕಳು. ಒಂದು ಕೂಲಿ, ಅದೂ ಹೆಣ್ಣಾಳಿನ ಕೂಲಿ, ಐದು ಬಾಯಿ. ಚಿಕ್ಕ ಮಕ್ಕಳಿಗೆ ಏನಾದರೂ ಸಿಕ್ಕರೂ ಅದು ಪುಡಿಗಾಸು. ಜಾತಿ ಒಂದೇ, ಕೇರಿ ಒಂದೇ, ಭೂಮಿ ಇಬ್ಬರಿಗೂ ಇಲ್ಲ. ಕಚೇರಿಯ ಕಾಗದದಲ್ಲಿ ಇಬ್ಬರೂ 'ಐದು ಜನರ ಕುಟುಂಬ'. ಯಾರ ಒಲೆ ಮೊದಲು ಆರುತ್ತದೆ ಅಂತ ನಾವು ಹೇಳಬೇಕಿಲ್ಲ.

ಮೇಲಿಂದ ದೂರದ ಪರೀಕ್ಷೆ ಬೇರೆ. ನಿಜವಾಗಿ ಹಸಿದವನಾದರೆ ಎಷ್ಟು ದೂರವಾದರೂ ಬರುತ್ತಾನೆ ಎಂಬುದು ಅಧಿಕಾರಿಗಳ ತರ್ಕ. ಊರ ಹತ್ತಿರದ ಸಣ್ಣ ಕೆಲಸ ಮುಚ್ಚಿ ದೂರದ ದೊಡ್ಡ ಕೆಲಸಕ್ಕೆ ಕಳಿಸುವುದು. ನಾಲ್ಕು ಗಟ್ಟಿ ಆಳಿರುವ ಮನೆ ಗಂಟು ಕಟ್ಟಿಕೊಂಡು ಹೋಗಿ ಅಲ್ಲೇ ಬಿಡಾರ ಹೂಡಬಹುದು. ಹಾಸಿಗೆ ಹಿಡಿದ ಅತ್ತೆಯನ್ನು, ಎದೆಹಾಲಿನ ಕೂಸನ್ನು ಇಟ್ಟುಕೊಂಡವಳು ಏನು ಮಾಡಬೇಕು? ಮುಂಬೈ ಪ್ರಾಂತ್ಯದಲ್ಲಿ ಟೆಂಪಲ್ ಕೂಲಿ ಮತ್ತು ಈ ದೂರದ ಕೆಲಸದ ವಿರುದ್ಧ 1877ರ ಆರಂಭದಲ್ಲಿ ಸಾವಿರಾರು ಬರಗಾಲದ ಕೂಲಿಗಳು ಕೆಲಸ ಬಿಟ್ಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆಯವರು ಅವರ ಪರ ಅರ್ಜಿ ಬರೆದರು. ಹಸಿದವರು ಮುಷ್ಕರ ಹೂಡಿದ್ದು ಅಂದರೆ ಎಂಥ ಹೊತ್ತು ಬಂದಿರಬೇಕು ಯೋಚಿಸಿ.

ಮೈಸೂರು ಸಂಸ್ಥಾನದಲ್ಲಿ ಮೊದಲು ಗಂಜಿ ಕೇಂದ್ರಗಳ ಮೇಲೆ ಹೆಚ್ಚು ಭಾರ ಬಿದ್ದಿತ್ತು. 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಬಂದು ಹೋದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬಾತನನ್ನು ಬರಗಾಲದ ಕಮಿಷನರ್ ಮಾಡಿ, ಶಕ್ತರನ್ನೆಲ್ಲ ಕೆಲಸಕ್ಕೆ ಸಾಗಿಸುವ ನೀತಿ ತಂದರು. ಗಂಜಿ ಕೇಂದ್ರವೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಯಾರ ಕೈ ಅಡುಗೆ, ಯಾರ ಪಕ್ಕ ಕೂರುವುದು ಎಂಬ ಜಾತಿಯ ಲೆಕ್ಕ ಹಸಿವಿನಲ್ಲೂ ಬಿಡಲಿಲ್ಲ. ಮೇಲ್ಜಾತಿಯ ಬಡವರು, ಅದರಲ್ಲೂ ಹೆಂಗಸರು, ಮಾನಕ್ಕೆ ಅಂಜಿ ಒಳಗೇ ಕೂತರು.

ಇಲ್ಲಿ ಲೆಕ್ಕ ಒಂದಿಷ್ಟು ತಿರುವುಮುರುವಾಗುತ್ತದೆ. ಕೆಳಗಿನವರೆನಿಸಿಕೊಂಡ ಹಲವು ಜಾತಿಗಳಲ್ಲಿ ಗಂಡ ಸತ್ತವಳು ಕೂಡಿಕೆ ಮಾಡಿಕೊಳ್ಳಬಹುದಿತ್ತು, ಹೊರಗೆ ಹೋಗಿ ದುಡಿಯಬಹುದಿತ್ತು. ಮೇಲ್ಜಾತಿಯ ವಿಧವೆಗೆ ತಲೆ ಮೇಲೆ ಸೂರಿತ್ತು, ಆದರೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಟ್ಟು ಕುಟುಂಬದಲ್ಲಿ ಅವಳಿಗೆ ಆಸ್ತಿಯಲ್ಲಿ ಪಾಲಿಲ್ಲ, ಇದ್ದದ್ದು ಜೀವನಾಂಶ ಮಾತ್ರ. ಮೈದುನಂದಿರು ಕೊಟ್ಟರೆ ಉಂಟು. ಹಾಗಂತ ಇವರ ಕಷ್ಟವನ್ನೂ ಕೇರಿಯ ಕಷ್ಟವನ್ನೂ ಒಂದೇ ತಕ್ಕಡಿಗೆ ಹಾಕಲು ನಾವು ಒಪ್ಪುವುದಿಲ್ಲ. ದೊಡ್ಡ ಮನೆಯಲ್ಲಿ ಅರೆಹೊಟ್ಟೆ, ಕೇರಿಯಲ್ಲಿ ಸಾವು. ಆದರೆ ದೊಡ್ಡ ಮನೆಯೆಂಬ ಒಂದೇ ಹೆಸರಿನ ಒಳಗೂ ಉಂಡವರು, ಉಣ್ಣದವರು ಅಂತ ಇಬ್ಬರು ಇದ್ದರು ಎಂಬುದನ್ನು ಮರೆಯಬಾರದು.

ಏನನ್ನು ಮೊದಲು ಮಾರಿದರು

ಮನೆ ಮುರಿಯುವುದು ಒಂದೇ ದಿನಕ್ಕಲ್ಲ. ಅದಕ್ಕೊಂದು ಕ್ರಮ ಇರುತ್ತದೆ. ಮೊದಲು ಹೋಗುವುದು ಹೆಂಗಸರ ಮೈಮೇಲಿನ ಬೆಳ್ಳಿ. ಆ ವರ್ಷಗಳಲ್ಲಿ ಮುಂಬೈ ಟಂಕಸಾಲೆಗೆ ಕರಗಿಸಲು ಬಂದ ಬೆಳ್ಳಿ ಒಡವೆಗಳ ರಾಶಿ ಕಂಡು ಅಧಿಕಾರಿಗಳೇ ಬರದ ಆಳವನ್ನು ಅಳೆದರು. ಆ ಕಡಗ, ಡಾಬು, ಕಾಲುಂಗುರಗಳೆಲ್ಲ ಹೆಂಗಸಿನ ಸ್ವಂತದ್ದು ಅಂತ ಇದ್ದ ಒಂದೇ ಆಸ್ತಿ. ಗಂಡಸಿನ ಭೂಮಿ ಕೊನೆಗೆ ಹೋಗುವುದು, ಹೆಂಗಸಿನ ಒಡವೆ ಮೊದಲಿಗೆ. ಆಮೇಲೆ ತಾಮ್ರ ಹಿತ್ತಾಳೆಯ ಪಾತ್ರೆ. ಆಮೇಲೆ ಎತ್ತು, ಅಷ್ಟು ಹೊತ್ತಿಗೆ ಮೇವಿಲ್ಲದೆ ಎತ್ತಿಗೆ ಬೆಲೆಯೇ ಇರುವುದಿಲ್ಲ. ಆಮೇಲೆ ಮನೆಯ ಬಾಗಿಲು, ತೊಲೆ. ಹಾಗೆ ಮಾರುತ್ತಾ ಕತ್ತಾಳೆ ಗಡ್ಡೆ, ಪಾಪಾಸುಕಳ್ಳಿ ಅಗೆದು ಬೇಯಿಸಿ ತಿಂದರು. ಕೊನೆಗೆ ಗಂಡಸರು ಕೆಲಸ ಹುಡುಕಿ ಒಂದು ದಿಕ್ಕಿಗೆ, ಹೆಂಗಸರು ಮಕ್ಕಳು ತವರಿನ ಕಡೆಗೋ ಗಂಜಿ ಕೇಂದ್ರಕ್ಕೋ ಇನ್ನೊಂದು ದಿಕ್ಕಿಗೆ. ಒಂದೇ ಒಲೆಯ ಮಂದಿ ಮೂರು ಕಡೆ ಚದುರಿದರು. ಬೆಂಗಳೂರಿನ ಬೀದಿಗಳು ಹಳ್ಳಿಗಳಿಂದ ನಡೆದು ಬಂದವರಿಂದ ತುಂಬಿದವು. ಹಾಗೆ ಚದುರಿದವರಲ್ಲಿ ತಬ್ಬಲಿಯಾದ ಮಕ್ಕಳಿಗೆ ಮಿಶನ್ನುಗಳು ಅನಾಥಾಲಯ ತೆರೆದವು.

1877ರ ಸೆಪ್ಟೆಂಬರ್ ಹೊತ್ತಿಗೆ ಮಳೆ ಬಂತು. ಬರ ಮುಗಿಯಿತು ಅಂತ ಕಾಗದದಲ್ಲಿ ಬರೆಯಬಹುದು, ಆದರೆ ಸಾವು ನಿಲ್ಲಲಿಲ್ಲ. ಸೊರಗಿದ ಮೈಗೆ ಚಳಿಜ್ವರ ಹಿಡಿಯಿತು. ಎತ್ತು ಸತ್ತ, ಬಿತ್ತನೆ ಬೀಜವನ್ನೂ ತಿಂದು ಮುಗಿಸಿದ ಮನೆಗೆ ಮಳೆ ಬಂದು ಏನು ಪ್ರಯೋಜನ? ಎತ್ತು ಉಳಿಸಿಕೊಂಡವರ ಹೊಲದಲ್ಲಿ ಕೂಲಿ ಮಾಡಬೇಕು. ಒಂದು ಬರ ಮುಗಿಯುವಾಗ ಹಿಂದೆ ತುಂಡು ಭೂಮಿ ಇದ್ದವನು ಕೂಲಿಯಾಗಿದ್ದ, ಕೂಲಿಯಾಗಿದ್ದವನು ಊರಲ್ಲೇ ಇರಲಿಲ್ಲ.

1881ರ ಗಣತಿಯಲ್ಲಿ ಎರಡು ಸಂಗತಿ ಕಾಣುತ್ತವೆ. ಒಂದು, ಸಣ್ಣ ಮಕ್ಕಳು ಕಡಿಮೆ. ಇದ್ದವರು ಸತ್ತರು, ಹುಟ್ಟಬೇಕಾದವರು ಹುಟ್ಟಲಿಲ್ಲ. ಇನ್ನೊಂದು ಅನೇಕರಿಗೆ ಆಶ್ಚರ್ಯ ತರುತ್ತದೆ: ಸಂಸ್ಥಾನದಲ್ಲಿ ಗಂಡಸರಿಗಿಂತ ಹೆಂಗಸರು ಒಂದಿಷ್ಟು ಹೆಚ್ಚು. ಬರಗಾಲದಲ್ಲಿ ಗಂಡಸರೇ ಹೆಚ್ಚು ಸಾಯುವುದನ್ನು ಬೇರೆ ದೇಶಗಳಲ್ಲೂ ಕಂಡಿದ್ದಾರೆ. ಹೆಂಗಸಿನ ದೇಹ ಹಸಿವನ್ನು ಹೆಚ್ಚು ತಡೆಯುತ್ತದೆ ಎಂಬುದು ಒಂದು ಕಾರಣ. ಊರೂರು ಅಲೆಯಲು ಹೊರಟವರಲ್ಲಿ ಗಂಡಸರು ಜಾಸ್ತಿ ಎಂಬುದು ಇನ್ನೊಂದು. ಹೆಂಗಸರು ಕೊನೆಗೆ ಉಣ್ಣುವವರು, ಆದರೂ ಉಳಿದರು. ಉಳಿದು, ಗಂಡಸಿಲ್ಲದ ಮನೆ ನಡೆಸಿದರು. ಅಂಥ ಎಷ್ಟು ಮನೆಗಳು ನಮ್ಮ ವಂಶಗಳ ಹಿಂದೆ ಇದ್ದಾವು, ವಂಶವೃಕ್ಷ ಬರೆಯುವಾಗ ಅವರ ಹೆಸರು ಸೇರುವುದಿಲ್ಲ.

'ದಿಕ್ಕಿಲ್ಲದವರು' ಯಾರು?

ಬರದ ನಂತರ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಮೇಲೆ ಪ್ರಾಂತ್ಯಗಳಲ್ಲಿ ಕ್ಷಾಮ ಸಂಹಿತೆಗಳಾದವು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾಗದವರಿಗೆ ಊರಲ್ಲೇ ಪುಕ್ಕಟೆ ಕಾಳು ಎಂಬ ಪದ್ಧತಿ ಬಂತು. ಪುಕ್ಕಟೆ ಕಾಳಿನ ಪಟ್ಟಿಯಲ್ಲಿ ಕುರುಡರು, ಕುಂಟರು, ಮುದುಕರು. ಜೊತೆಗೆ ಒಂದು ಷರತ್ತು: ಸಾಕುವ ಶಕ್ತಿಯುಳ್ಳ, ಸಾಕಲು ಬದ್ಧರಾದ ನೆಂಟರು ಇರಬಾರದು.

ಈ ಷರತ್ತನ್ನು ಓದಿ ನಾವು ಬಹಳ ಹೊತ್ತು ಮಾತಾಡಿಕೊಂಡೆವು. ಮಗ ಇದ್ದಾನೆ ಅಂದರೆ ತಾಯಿಗೆ ಊಟ ಇದೆ ಅಂತ ಸರ್ಕಾರ ತಿಳಿದುಕೊಂಡಿತು. ಅದು ಎಷ್ಟು ಮನೆಗಳಲ್ಲಿ ನಿಜ? ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಾಡಕಚೇರಿಗೆ ಹೋದ ಮುದುಕಿಯನ್ನು 'ಮಗ ಇದ್ದಾನಲ್ಲಮ್ಮಾ' ಅಂತ ಕೇಳುವಾಗ ಆ ಹಳೆಯ ಷರತ್ತೇ ಮಾತಾಡುತ್ತಿರುತ್ತದೆ.

ಕಾನೂನು ನಿಧಾನವಾಗಿ ಮನೆಯ ಒಳಗೂ ನೋಡತೊಡಗಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡಿ ವಿಧವೆಗೆ, ಹೆಣ್ಣುಮಕ್ಕಳಿಗೆ ಒಂದಷ್ಟು ಪಾಲು ಕೊಟ್ಟಿತು. ದೇಶದ ಬಹಳ ಕಡೆಗಿಂತ ಮೊದಲು. ಆದರೆ ಪಾಲು ಕೇಳಲು ಮನೆಯಲ್ಲಿ ಭೂಮಿ ಇರಬೇಕು. ಭೂಮಿಯೇ ಇಲ್ಲದ ಕೇರಿಯ ಹೆಂಗಸಿಗೆ ಆ ಕಾಯ್ದೆ ಏನು ಕೊಟ್ಟೀತು?

ಈಗ ಯಾರೂ ಧಾತು-ಈಶ್ವರದ ಹಾಗೆ ಸಾಯುವುದಿಲ್ಲ. ಪಡಿತರ ಬಂದಿದೆ, 2013ರ ಆಹಾರ ಭದ್ರತಾ ಕಾಯ್ದೆ ಬಂದಿದೆ, ಅದೇ ವರ್ಷ ನಮ್ಮಲ್ಲಿ ಅನ್ನಭಾಗ್ಯ ಬಂತು. ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತ ಆ ಕಾಯ್ದೆ ಬರೆದದ್ದು ನಮಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇದನ್ನೆಲ್ಲ ಹಗುರ ಮಾಡಿ ಮಾತಾಡುವವರು ಒಮ್ಮೆ 1877ರ ವರದಿಗಳನ್ನು ಓದಬೇಕು.

ಆದರೂ ಹಳೆಯ ಗಂಟು ಬಿಚ್ಚಿಲ್ಲ. ಕೇಂದ್ರದ ಕಾಯ್ದೆಯಲ್ಲಿ ಆದ್ಯತಾ ಕುಟುಂಬಕ್ಕೆ ತಲೆಗೆ 5 ಕಿಲೋ, ಅಂತ್ಯೋದಯಕ್ಕೆ ತಲೆ ಎಷ್ಟಿದ್ದರೂ ಮನೆಗೆ 35 ಕಿಲೋ. ಅಂತ್ಯೋದಯ ಚೀಟಿಯಲ್ಲಿ ಇಬ್ಬರಿದ್ದರೆ ಉಂಡು ಮಿಗುತ್ತದೆ, ಎಂಟು ಜನರಿದ್ದರೆ ತಲೆಗೆ 5 ಕಿಲೋ ಕೂಡ ಬೀಳುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದಾಗ ಗಂಡು ಹೆಣ್ಣಿಗೆ ಒಂದೇ ಕೂಲಿ ಅಂತ ಮಾಡಿದರು, ಟೆಂಪಲ್ ಕೂಲಿಯ ನಾಡಿಗೆ ಇದು ಸಣ್ಣ ಮಾತಲ್ಲ. ಆದರೆ 100 ದಿನ ಅಂದದ್ದು ಮನೆಗೆ. ಒಂದೇ ಚೀಟಿಯಲ್ಲಿ ಮೂರು ಜನ ಅಣ್ಣತಮ್ಮಂದಿರು, ಅವರ ಹೆಂಡಿರು ಇದ್ದರೆ ಆ ನೂರನ್ನೇ ಹಂಚಿಕೊಳ್ಳಬೇಕಿತ್ತು. ಒಲೆ ಬೇರೆಯಾಗಿ ಐದು ವರ್ಷವಾದರೂ ಚೀಟಿ ಬೇರೆಯಾಗಿರುವುದಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಮಾತು ಮನೆಮನೆಯಲ್ಲಿ ಎದ್ದದ್ದು ನಿಮಗೆ ಗೊತ್ತೇ ಇದೆ. ಟೀವಿಯವರು ಅದನ್ನು ತಮಾಷೆ ಮಾಡಿದರು. ಒಂದು ಸೂರಿನ ಕೆಳಗೆ ಎಷ್ಟು ಒಲೆ ಎಂಬ ಪ್ರಶ್ನೆ ಅದು. ನೂರೈವತ್ತು ವರ್ಷದ ಹಿಂದೆ ಕೂಲಿ ಹಂಚಿದ ಅಧಿಕಾರಿಗಳು ಕೇಳದೇ ಬಿಟ್ಟ ಪ್ರಶ್ನೆ.

ನಿಮ್ಮ ಊರಲ್ಲಿ ಹಳೆಯ ಹಗೇವು ಇನ್ನೂ ಉಳಿದಿದ್ದರೆ ಅದರ ಫೋಟೋ ಕಳಿಸಿ, ಅದು ಯಾರ ಮನೆಯದ್ದಾಗಿತ್ತು, ಬರದಲ್ಲಿ ಅದರ ಬಾಯಿ ತೆರೆದರೇ ಇಲ್ಲವೇ ಎಂಬುದನ್ನೂ ಬರೆಯಿರಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ಅಜ್ಜಿಯ ಪಕ್ಕ ಕೂತು ಅವರ ಮಾತನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೂ ಸಾಕು.